ದಿಲ್ಲಿ ದರವಾಜಾಕ್ಕೆ ಯಾವ ಇಂಗ್ಲಿಷ್ ಪದ?

ಪ್ರಶ್ನೆ:
ಪುಣೆಯಲ್ಲಿ ಟೂರಿಸ್ಟ್ ಗೈಡ್ ಆಗಿದ್ದೇನೆ. ನಮ್ಮ ಕಡೆಯವರು ಬಂದರೆ ಕನ್ನಡದಲ್ಲಿ ಆರಾಮಾಗಿ ಹೇಳ್ತೀನಿ. ಹೊರದೇಶದವರು ಬಂದರೆ ಮಾತ್ರ ಪೇಶ್ವೆಗಳ ಕೋಟೆ ಶನಿವಾರವಾಡಾನೂ ‘ಇಂಪ್ರೆಸಿವ್’, ಮುಂಬೈ ವಿಟಿ ಸ್ಟೇಷನ್ನೂ ‘ಇಂಪ್ರೆಸಿವ್’, ಗೇಟ್‌ವೇನೂ ‘ಇಂಪ್ರೆಸಿವ್’. ಗ್ರ್ಯಾಂಡ್, ಮ್ಯಾಗ್ನಿಫಿಸೆಂಟ್, ಇಂಪೋಸಿಂಗ್, ಮೆಜೆಸ್ಟಿಕ್ ಎಲ್ಲ ಕೇಳಿದ್ದೀನಿ, ಯಾವುದು ಎಲ್ಲಿಗೆ ಅನ್ನೋದು ಗೊತ್ತಾಗಲ್ಲ. ಡಿಕ್ಷನರಿ ತೆಗೆದರೆ ಒಂದಕ್ಕೆ ಇನ್ನೊಂದನ್ನೇ ಅರ್ಥ ಅಂತ ಕೊಟ್ಟಿರುತ್ತೆ.

ಠಾಣೆಯಿಂದ:
ಎಲ್ಲಾ ‘ಭವ್ಯ’ನೇ ಅಲ್ವಾ ಸರ್? ಬಾಯಿಗೆ ಬಂದದ್ದು ಹೇಳಿ.

ಕೋಥ್ರೂಡ್‌ನಿಂದ, ಊರು ಧಾರವಾಡ:
ಇಲ್ರಿ, ಫರಕ್ ಭಾಳ ಅದ. ಕಾಲೇಜಿನ್ಯಾಗ ಇಂಗ್ಲಿಷ್ ಕಲಿಸಿದಾಕಿ ನಾನು, ಇದನ್ನ ಹಂಗ ಬಿಡಾಕ ಮನಸ್ಸಿಲ್ಲ.

‘ಇಂಪೋಸಿಂಗ್’ ಅಂದ್ರ ಬರೇ ದೊಡ್ಡದಲ್ಲ. ಮುಂದ ನಿಂತವರನ್ನ ಸಣ್ಣವರನ್ನ ಮಾಡ್ತದ, ಒಂಚೂರು ಅಂಜಿಕಿ ಹುಟ್ಟಸ್ತದ. ಶನಿವಾರವಾಡಾದ ಹೆಬ್ಬಾಗಿಲು ದಿಲ್ಲಿ ದರವಾಜಾಕ್ಕ ಇದs ಬೇಕು. ಆನಿ ಹಣಿ ಕೊಟ್ಟು ಗುದ್ದಬಾರ್ದಂತ ಆ ಬಾಗಿಲಿಗೆ ಚೂಪನ್ನ ಕಬ್ಬಿಣದ ಮೊಳಿ ಬಡದಾರ, ಹತ್ರ ಹೋಗಿ ತೋರಸ್ರಿ. ಆದ್ರ ಅಲ್ಲಿ ‘ಮ್ಯಾಗ್ನಿಫಿಸೆಂಟ್’ ಅನಬ್ಯಾಡ್ರಿ. ಆ ಪದಕ್ಕ ಸಿರಿ ಬೇಕು, ಕುಸುರಿ ಬೇಕು. ವಾಡೆದ ಒಳಗಿನ ಮಹಲು 1828ರ ಬೆಂಕಿಯೊಳಗ ಹೋತು, ಈಗ ಪಾಯಾ, ಕಾರಂಜಿ ಹೊಂಡ ಅಷ್ಟ ಉಳದಾವ. ವಿಟಿಗೆ ಧಾರಾಳ ಹಚ್ರಿ: ಗುಮ್ಮಟ, ಬಣ್ಣದ ಗಾಜು, ಕಲ್ಲಿನ್ಯಾಗ ಕಡದ ನವಿಲು, ಗೇಟಿನ ಕಂಬದ ಮ್ಯಾಲೆ ಒಂದ್ ಕಡೆ ಸಿಂಹ, ಒಂದ್ ಕಡೆ ಹುಲಿ.

‘ಮೆಜೆಸ್ಟಿಕ್’ನಾಗ ರಾಜಗಾಂಭೀರ್ಯ ಅದ. ಸಿಂಹಗಡದ ಮ್ಯಾಲಿಂದ ಸಹ್ಯಾದ್ರಿ ಸಾಲು ತೋರಸೂವಾಗ ಇಟ್ಕೋರಿ. ‘ಗ್ರ್ಯಾಂಡ್’ ನಮ್ಮ ಮದುವಿ ಮಾತಿನ್ಯಾಗ ಮೊದಲs ಅದ, ಸಮಾರಂಭದ ಥಾಟು. 1911ರಾಗ ಐದನೇ ಜಾರ್ಜ್ ಬಂದ ನೆನಪಿಗೆ ಕಟ್ಟಿದ ಗೇಟ್‌ವೇಕ್ಕ ಒಪ್ತದ. ‘ಇಂಪ್ರೆಸಿವ್’ ಎಲ್ಲಾಕಡೆ ನಡೀತದ, ಯಾಕಂದ್ರ ಅದು ನೋಡಿದವರ ಮನಸ್ಸಿನ ಮಾತು. ಹುಡುಗನ ಮಾರ್ಕ್ಸಿಗೂ ಅನ್ನಬಹುದು. ‘ಮೆಜೆಸ್ಟಿಕ್ ಮಾರ್ಕ್ಸ್’ ಅಂತ ಯಾರೂ ಅನ್ನೂದಿಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಮೇಡಂ. ‘ಗ್ರ್ಯಾಂಡಿಯೋಸ್’ ಅಂದರೆ ಗ್ರ್ಯಾಂಡ್‌ಗಿಂತ ದೊಡ್ಡದಾ? ವಿಟಿಗೆ ಅದನ್ನೂ ಹೇಳಬಹುದಾ?

ಕೋಥ್ರೂಡ್‌ನಿಂದ:
ಬ್ಯಾಡ್ರೆಪಾ! ಅದು ಹೊಗಳಿಕಿ ಅಲ್ಲ. ತಿರುಳಿಗಿಂತ ತೋರಿಕಿ ಹೆಚ್ಚಾತು, ಕಟ್ಟಿಸಿದವರ ಬಡಾಯಿ ಕಾಣ್ತದ ಅಂತ ಅರ್ಥ ಆಗ್ತದ. ಇಂಗ್ಲಿಷ್ ಬಲ್ಲವರು ಕೇಳಿದ್ರ, ನಿಮಗ ಆ ಸ್ಟೇಷನ್ ಸೇರೂದಿಲ್ಲ ಅನ್ಕೋತಾರ.