ಜೋಳದ ಕೂಳೆ ಚಿಗುರು: ಪಿಕ್ರೇಟ್ ಕಾಗದ ಕೆಂಪಾಗುತ್ತಿಲ್ಲ, ಎಲ್ಲಿ ಎಡವಿದೆ?

ಮೇವುಗರಿ:
ಪ್ರಾಯೋಗಿಕ ತರಗತಿಯಲ್ಲಿ ಜೋಳದ ಕೂಳೆ ಚಿಗುರಿನಲ್ಲಿ (ಕೊಯ್ದ ಬುಡದಿಂದ ಮತ್ತೆ ಬಂದದ್ದು) ಇರುವ ಸಯನೈಡನ್ನು ತೋರಿಸಬೇಕಾಗಿದೆ. ಎಲೆ ಕತ್ತರಿಸಿ ಪ್ರನಾಳಕ್ಕೆ ಹಾಕಿ, ಸಯನೈಡ್ ಅನಿಲ ತಗುಲಿದರೆ ಹಳದಿಯಿಂದ ಕೆಂಪಾಗುವ ಪಿಕ್ರೇಟ್ ಕಾಗದ ತೂಗುಬಿಟ್ಟು ಬಿರಡೆ ಬಿಗಿದೆ. ಅರ್ಧ ಗಂಟೆಯಾದರೂ ಕಾಗದ ಹಳದಿಯಾಗಿಯೇ ಇದೆ. ಮೂರು ಸಲವೂ ಅದೇ ಕಥೆ. ಗೇಣುದ್ದದ ಚಿಗುರು, ವಿಷ ಇರಲೇಬೇಕಲ್ಲವೇ?

ಒರಳುಕಲ್ಲು:
ಎಲೆ ಯಾವಾಗ ಕೊಯ್ದದ್ದು? ಎಷ್ಟು ಸಣ್ಣಗೆ ಕತ್ತರಿಸಿದಿರಿ? ಕಾಗದ ಒದ್ದೆಯಿತ್ತೇ?

ಮೇವುಗರಿ:
ನಿನ್ನೆ ಬೆಳಿಗ್ಗೆ ಕೊಯ್ದು ತೆರೆದ ತಟ್ಟೆಯಲ್ಲಿ ಇಟ್ಟಿದ್ದೆ. ಬೆರಳಗಲದ ತುಂಡುಗಳು. ಕಾಗದ ಹೋದ ವಾರದ್ದು, ಗರಿಗರಿಯಾಗಿ ಒಣಗಿದೆ.

ಒರಳುಕಲ್ಲು:
ಕೇಳಿದ ಮೂರಕ್ಕೂ ಉತ್ತರ ತಪ್ಪೇ ಬಂತು! ಜೋಳದ ಎಲೆಯಲ್ಲಿ ಸಯನೈಡ್ ಬಿಡಿಯಾಗಿ ಕುಳಿತಿರುವುದಿಲ್ಲ. ಅದು ಧುರಿನ್ ಎಂಬ ಗ್ಲೈಕೋಸೈಡಿನೊಳಗೆ (ಸಕ್ಕರೆ ಅಂಟಿದ ಸಂಯುಕ್ತ) ಅಡಗಿರುತ್ತದೆ. ಧುರಿನನ್ನು ಒಡೆಯುವ ಕಿಣ್ವ ಇರುವುದು ಬೇರೆ ಜೀವಕೋಶಗಳಲ್ಲಿ. ಇವೆರಡೂ ಕೂಡಬೇಕಾದರೆ ಎಲೆ ಜಜ್ಜಿಹೋಗಬೇಕು. ಹಸುವಿನ ದವಡೆ ಮಾಡುವ ಕೆಲಸವನ್ನು ನಿಮ್ಮ ಒರಳು ಮಾಡಬೇಕು, ಕತ್ತರಿಯಿಂದ ಆಗದು. ಬಾಡಲು ಬಿಟ್ಟ ಎಲೆಯಿಂದ ಒಂದಷ್ಟು ಅನಿಲ ಆಗಲೇ ಹಾರಿಹೋಗಿರುತ್ತದೆ.

ಆಗ ತಾನೇ ಕೊಯ್ದ ಎಲೆಯನ್ನು ಸ್ವಲ್ಪ ನೀರು ಹಾಕಿ ಅರೆದು, ತಕ್ಷಣ ಪ್ರನಾಳಕ್ಕೆ ತುಂಬಿ, ನಾಲ್ಕೈದು ಹನಿ ಕ್ಲೋರೋಫಾರ್ಮ್ ಬಿಡಿ. ಕಾಗದವನ್ನು ತೇವ ಮಾಡಿ ತೂಗುಬಿಡಿ, ಎಲೆಗೆ ತಾಗಬಾರದು. 30–35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಸಾಕು. ಅವಸರಕ್ಕೆ ಕುದಿಸಿದರೆ ಕಿಣ್ವವೇ ಕೆಡುತ್ತದೆ. ಕಾಗದಕ್ಕೆ ಪಿಕ್ರಿಕ್ ಆಮ್ಲದ ಜೊತೆ ಸೋಡಿಯಂ ಕಾರ್ಬೊನೇಟ್ ಹಾಕಿದ್ದೀರಿ ತಾನೇ? ಕ್ಷಾರವಿಲ್ಲದೆ ಬಣ್ಣ ತಿರುಗುವುದಿಲ್ಲ. ಹಾಗೆಯೇ, ಪಿಕ್ರಿಕ್ ಆಮ್ಲದ ಬಾಟಲಿಯಲ್ಲಿ ನೀರು ಆರಲು ಬಿಡಬೇಡಿ, ಒಣಗಿದರೆ ಅದು ಸ್ಫೋಟಕ.

ಹೋಲಿಕೆಗೆ ಸಯನೈಡ್ ಬಿಡುವ ಮರಗೆಣಸಿನ ಎಲೆಯದೊಂದು, ಬಿಡದ ಸಜ್ಜೆಯ ಎಲೆಯದೊಂದು ಪ್ರನಾಳ ಇಡಿ. ಮೊದಲನೆಯದೂ ಹಳದಿಯಾಗಿಯೇ ಉಳಿದರೆ ದೋಷ ಕಾಗದದ್ದು.

ಗೋದಲಿ:
ಒಂದು ಮಾತು ಸೇರಿಸುತ್ತೇನೆ. ಕಾಗದ ಕೆಂಪಾಗಲಿಲ್ಲವೆಂದು ದಾಖಲೆ ಪುಸ್ತಕದಲ್ಲಿ ‘ಮೇವು ಸುರಕ್ಷಿತ’ ಎಂದು ಬರೆಯಬೇಡಿ. ಮೇವಿನ ಇನ್ನೊಂದು ವಿಷವಾದ ನೈಟ್ರೇಟ್ ಇದ್ದರೆ ಈ ಕಾಗದಕ್ಕೆ ಗೊತ್ತಾಗುವುದಿಲ್ಲ. ಅದು ಜೋಳದಲ್ಲೂ ಸಜ್ಜೆಯಲ್ಲೂ ಸೇರಿಕೊಳ್ಳಬಹುದು, ಹೆಚ್ಚಾಗಿ ಕಾಂಡದ ಬುಡದಲ್ಲಿ. ನೈಟ್ರೇಟ್ ಇದ್ದರೆ, ಸೀಳಿದ ಕಾಂಡಕ್ಕೆ ಡೈಫಿನೈಲಮೈನ್ ಎಂಬ ಪರೀಕ್ಷಾ ದ್ರಾವಣ ಹನಿಸಿದಾಗ ಕಡುನೀಲಿಯಾಗುತ್ತದೆ. ಚೆನ್ನಾಗಿ ಒಣಗಿಸಿದರೆ ಸಯನೈಡ್ ಬಹುಪಾಲು ಇಳಿಯುತ್ತದೆ, ನೈಟ್ರೇಟ್ ಹಾಗೆಯೇ ಉಳಿಯುತ್ತದೆ.

ಕೊಟ್ಟಿಗೆಯಲ್ಲಿ ಈ ಗೊಂದಲ ಜೀವಕ್ಕೇ ಬರುತ್ತದೆ. ಸಯನೈಡಿಗೆ ರಕ್ತ ಮೊದಲಿಗೆ ಕಡುಗೆಂಪು. ಸೋಡಿಯಂ ನೈಟ್ರೈಟ್, ಆಮೇಲೆ ಥಯೋಸಲ್ಫೇಟ್ ಕೊಡುತ್ತಾರೆ. ನೈಟ್ರೇಟಿನದಾದರೆ ರಕ್ತ ಚಾಕೊಲೇಟ್ ಕಂದು, ಔಷಧ ಮೆಥಿಲೀನ್ ಬ್ಲೂ. ನೈಟ್ರೇಟ್ ವಿಷವೇರಿದ ಹಸುವಿಗೆ ನೈಟ್ರೈಟ್ ಚುಚ್ಚಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಮೇವುಗರಿ:
ಇವತ್ತು ಅರೆದೇ ಮಾಡಿದೆ. ಹತ್ತು ನಿಮಿಷಕ್ಕೆ ಕಿತ್ತಳೆ, ಅರ್ಧ ಗಂಟೆಗೆ ಇಟ್ಟಿಗೆಗೆಂಪು. ಮರಗೆಣಸಿನದು ಇನ್ನೂ ಬೇಗ ತಿರುಗಿತು, ಸಜ್ಜೆಯದು ಹಳದಿಯಲ್ಲೇ ನಿಂತಿತು. ಕಾರ್ಬೊನೇಟ್ ಹಾಕಿದ್ದೆ ಸರ್, ಅದೊಂದರಲ್ಲಿ ಎಡವಿರಲಿಲ್ಲ. ಡೈಫಿನೈಲಮೈನ್ ನಾಳೆ ಕೇಳಿ ತರುತ್ತೇನೆ.