ಓದುಗರ ಸ್ಪಂದನ: ಹುಬ್ಬಳ್ಳಿಯೋ ಧಾರವಾಡವೋ, ಮನಿ ಎಲ್ಲಿ ಹಿಡೀಲಿ?

ಓದುಗರೊಬ್ಬರ ಸಮಸ್ಯೆ: ನಾನು ಹಾವೇರಿಯವಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇನ್ನು ಮನೆಯಿಂದಲೇ ಕೆಲಸ ಮಾಡಿ, ತಿಂಗಳಿಗೊಮ್ಮೆ ಆಫೀಸಿಗೆ ಬಂದು ಹೋದರೆ ಸಾಕು ಎಂದಿದ್ದಾರೆ. ಪಾಳಿ ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದು. ಮೊಣಕಾಲು ನೋವಿನ ಅವ್ವನನ್ನು ಕರೆದುಕೊಂಡು ಅವಳಿ ನಗರದಲ್ಲಿ ಇರಬೇಕೆಂದಿದ್ದೇನೆ. ಧಾರವಾಡದ ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರ, ನಡುವಿನ ನವನಗರ, ಮೂರೂ ಕಡೆ ಬಾಡಿಗೆ ಮನೆ ನೋಡಿ ತಲೆ ಕೆಟ್ಟಿದೆ. ಯಾವುದು ಒಳ್ಳೆಯದು?

*

ಅಕ್ಕಾರ, ನಾನೂ ಮನ್ಯಾಗ ಕುಂತು ದುಡಿಯಾಂವನ. ಏರಿಯಾ ಆಮ್ಯಾಲೆ ನೋಡೂಣು, ಮೊದಲ ಆ ಓಣ್ಯಾಗ ಕರೆಂಟು ಹೋದಾಗ ನೆಟ್ ಇರತೈತೋ ಇಲ್ಲೋ ಕೇಳ್ರಿ. ಭಾಳ ಮಂದಿ ಇನ್ವರ್ಟರ್ ಐತಿ ಅಂತ ನಿಶ್ಚಿಂತಿಯಿಂದ ಇರತಾರ. ಆದ್ರ ಕೆಲವು ಕೇಬಲ್‌ನವರ ಸ್ವಿಚ್ ಡಬ್ಬಿ ಯಾರದೋ ಮಾಳಗಿ ಮ್ಯಾಲೆ ಇರತೈತಿ, ಅದು ನಡಿಯೂದು ಓಣಿ ಕರೆಂಟಿನ ಮ್ಯಾಲೆ. ಆ ಮನಿ ಕರೆಂಟು ಹೋತು ಅಂದ್ರ ನಿಮ್ಮ ಮನ್ಯಾಗ ಫ್ಯಾನು ತಿರಗತಿರತೈತಿ, ಮೀಟಿಂಗ್ ಮಾತ್ರ ಕಡದು ಹೋಗತೈತಿ. ಎಕ್ಸ್‌ಚೇಂಜಿನಿಂದ ನೇರ ಮನಿತನಕಾ ಫೈಬರ್ ಎಳದಿದ್ರ ಈ ತ್ರಾಸಿಲ್ಲ. ನಡುವ ಬೆಳಕು ಹಂಚೂ ಡಬ್ಬಿಗೆ ಕರೆಂಟು ಬೇಕಾಗೂದಿಲ್ಲ, ಆ ತುದಿಗೆ ಅವರ ಬ್ಯಾಟರಿ, ಈ ತುದಿಗೆ ನಿಮ್ಮ ಇನ್ವರ್ಟರ್. ಇದನ್ನ ಮನಿ ಮಾಲಕರನ್ನ ಕೇಳಬ್ಯಾಡ್ರಿ, ಅವರು ಎಲ್ಲಾದಕ್ಕೂ ಹೂಂ ಅಂತಾರ. ಮಗ್ಗಲ ಮನ್ಯಾಗ ಕಾಲೇಜು ಹುಡುಗರಿದ್ರ ಅವರನ್ನ ಕೇಳ್ರಿ, ಖರೇ ಹೇಳತಾರ.

150 ಆಂಪಿಯರ್-ಅವರ್ ಬ್ಯಾಟರಿ ಒಂದಿದ್ರ ಲ್ಯಾಪ್‌ಟಾಪು, ರೌಟರು, ಒಂದು ಫ್ಯಾನು ಐದಾರು ತಾಸು ಆರಾಮ ನಡೀತಾವು. ಹೆಸ್ಕಾಂನವರು ರಿಪೇರಿ ಸಲುವಾಗಿ ಕರೆಂಟು ತಗಿಯೂದು ಹೆಚ್ಚಾಗಿ ಹಗಲಿನ್ಯಾಗ, ಹಿಂದಿನ ದಿನ ಪೇಪರಿನ್ಯಾಗ ಬರತೈತಿ. ಇನ್ನ ಮೊಬೈಲ್ ಸಿಗ್ನಲ್ ಗೇಟಿನ ಮುಂದ ನಿಂತು ನೋಡಬ್ಯಾಡ್ರಿ. ನೀವು ಟೇಬಲ್ ಹಾಕೂ ಖೋಲಿಗೆ ಹೋಗಿ, ಬಾಗಲಾ ಮುಚ್ಚಿ ವಿಡಿಯೋ ಕಾಲ್ ಮಾಡ್ರಿ.

ನವನಗರ ಹೆಂಗ ಅಂತ ಕೇಳಿದ್ರ, ಶಾಂತ ಐತಿ, ಅವಳಿ ನಗರದ ನಡುವ ಓಡೂ ಚಿಗರಿ ಬಸ್ಸಿನಾಗ ಎರಡೂ ಊರು ಹತ್ರ. ಆದ್ರ ನಿಮ್ಮ ಪಾಳಿ ಮುಗಿಯೂ ಹೊತ್ತಿಗೆ ಇಲ್ಲಿ ಎಲ್ಲಾ ಸಾಮಸೂಮ. ಹಸಿವಾದ್ರ ಮನ್ಯಾಗಿನ ರೊಟ್ಟೀನ ಗತಿ.
– ನವನಗರದ ಓದುಗ

*

ನಾನು ಮನಿ ಕಟ್ಟಸೂ ಗುತ್ತಿಗೆದಾರ. ತಂಗೆವ್ವಾ, ಟೈಲ್ಸು, ಪೇಂಟು ನೋಡಿ ಮರುಳಾಗಬ್ಯಾಡ. ಹುಬ್ಬಳ್ಳಿ ಮೂಡಣಕ್ಕ, ಕುಸುಗಲ್ ರಸ್ತೆ ಕಡೆ, ಎರಿ ನೆಲ, ಅಂದ್ರ ಕರೀ ಮಣ್ಣು. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲಕ್ಕ ಉಬ್ಬತೈತಿ. ಬುನಾದಿ ಸರಿ ಹಾಕಿರದಿದ್ರ ಕಿಟಕಿ ಮೂಲ್ಯಾಗಿಂದ ಗ್ವಾಡಿ ಓರೆಯಾಗಿ ಸೀಳತೈತಿ. ಹೊಸಾ ಬಣ್ಣದ ಕೆಳಗ ಪಟ್ಟಿ ಮೆತ್ತಿದ ಗುರುತು ಕಂಡ್ರ, ಬಾಗಲಾ ಚೌಕಟ್ಟಿಗೆ ತಿಕ್ಕಿದ್ರ, ಆ ಮನಿ ಬಿಡು. ಧಾರವಾಡ ಕಡೆ ಗರಸು, ಮಸಾರಿ (ಕೆಂಪು ಮಣ್ಣಿನ) ನೆಲ ಹೆಚ್ಚು, ಅಲ್ಲಿ ಈ ಕಾಟ ಕಡಿಮಿ.

ಎರಡನೇದು ನೀರು. ಅವಳಿ ನಗರಕ್ಕ ನೀರು ಬರೂದು ಸವದತ್ತಿ ಹತ್ರದ ಮಲಪ್ರಭಾ ಡ್ಯಾಮಿನಿಂದ, ಅಲ್ಪ ಸ್ವಲ್ಪ ನೀರಸಾಗರದಿಂದ. ಕೆಲವು ವಾರ್ಡಿನ್ಯಾಗ ದಿನದ 24 ತಾಸೂ ನಳಾ ಬರತಾವು, ಅದರ ಮಗ್ಗಲ ವಾರ್ಡಿನ್ಯಾಗ ದಿನಾ ಎಣಿಸಿಗೋತ ಕುಂದರಬೇಕು. ದೂರದ ಪೈಪು, ಎಲ್ಲೋ ಒಂದು ಕಡೆ ಒಡೀತಂದ್ರ ನಿಮ್ಮ ಸರತಿ ಮುಂದಕ್ಕ. ಹಂಗಾಗಿ ವಿದ್ಯಾನಗರ ಛಲೋನೋ ಸಪ್ತಾಪುರ ಛಲೋನೋ ಅನ್ನೂ ಪ್ರಶ್ನೀನ ತಪ್ಪು. ಓಣಿ ಕೇಳಬೇಕು, ಸಂಪಿನ ಮುಚ್ಚಳಾ ತಗದು ಎಷ್ಟು ಆಳ ಐತಿ ನೋಡಬೇಕು. ನೀರು ಬರೂ ಹೊತ್ತಿಗೆ ನೀ ಮೀಟಿಂಗಿನ್ಯಾಗ ಇದ್ರ ಮೊಣಕಾಲು ನೋವಿನ ನಿಮ್ಮವ್ವ ಕೊಡಾ ಎತ್ತಬೇಕಾಗತೈತಿ, ನೆಪ್ಪಿರಲಿ.
– ಕೇಶ್ವಾಪುರದಿಂದ

*

ಸಪ್ತಾಪುರದಲ್ಲಿದ್ದುಕೊಂಡೇ ಬರೀತಿದ್ದೀನಿ, ಕೆಎಎಸ್‌ಗೆ ಓದ್ತಿರೋ ಹುಡುಗ. ಅಕ್ಕಾ, ಇದು ಕೋಚಿಂಗ್ ಕ್ಲಾಸು, ಪಿಜಿ, ರೀಡಿಂಗ್ ರೂಮುಗಳ ಏರಿಯಾ. ರಾತ್ರಿ ಹನ್ನೊಂದಕ್ಕೂ ಚಹಾ ಅಂಗಡಿ ಮುಂದೆ ಸಂವಿಧಾನದ ವಿಧಿಗಳ ಮೇಲೆ ಜಗಳ ನಡೀತಿರ್ತದ. ನಮಗೆ ಹಬ್ಬ, ನಿಮ್ಮ ಅಮ್ಮನಿಗೆ ನಿದ್ದಿ ಇಲ್ಲ. ಬಾಡಿಗೆಯನ್ನೂ ತಲೆ ಎಣಿಸಿ ಹೇಳ್ತಾರ. ಇದೇ ಕಡೆ ಬೇಕಂದ್ರೆ ಕಲ್ಯಾಣ ನಗರದ ಒಳರಸ್ತೆ ನೋಡಿ.

*

ಸಂಪಾದಕರಿಗೆ ನಮಸ್ಕಾರ. ಆ ಹುಡಿಗೀಗೆ ಹೇಳ್ರಿ, ಎಲ್ಲಾರೂ ನೆಟ್ಟು, ನೀರು ಅಂತ ಬರೀತಾರ, ಅವ್ವನ ಮಾತು ಯಾರೂ ಎತ್ತೂದಿಲ್ಲ. ಮಗಳು ಬಾಗಲಾ ಹಾಕ್ಕೊಂಡು ಒಂಬತ್ತು ತಾಸು ಕಿವಿಗೆ ಹೆಡ್‌ಫೋನ್ ಸಿಗಿಸಿಕೊಂಡು ಕೂತರ ಆ ತಾಯಿ ಯಾರ ಜೋಡಿ ಮಾತಾಡಬೇಕು? ಹಾವೇರ್ಯಾಗ ಓಣಿ ತುಂಬ ಪರಿಚಯ ಇದ್ದಾಕಿ. ನಮ್ಮ ಮಾಳಮಡ್ಡ್ಯಾಗ ಹಳೇ ಮನಿಗಳು ಇನ್ನೂ ಅವ, ಮುಂದ ಕಟ್ಟಿ, ಸಂಜೀಕ ನಾಲ್ಕು ಮಂದಿ ಕೂಡತೀವಿ, ಬತ್ತಿ ಹೊಸೀತೀವಿ, ಸೊಸೆಂದಿರನ್ನ ಆಡಿಕೋತೀವಿ (ಬರದರ ಬರೀರಿ, ಅಂಜಿಕಿಲ್ಲ). ಕೆಳಗಿನ ಮಜಲಿ ಮನೀನ ಹಿಡೀರಿ ಅಂತ ಹೇಳೂದಿಲ್ಲ, ಅಲ್ಲಿ ಮಳಿಗಾಲದಾಗ ಥಂಡಿ ಹಿಡೀತದ, ಧಾರವಾಡದ ಮಳಿ ಹಿಡಕೊಂಡರ ಬಿಡೂದಿಲ್ಲ. ಆದರ ಮೂರನೇ ಮಜಲಿ ಬ್ಯಾಡ. ಲಿಫ್ಟ್ ಅದ ಅಂತಾರ, ಕರೆಂಟು ಹೋದರ ಅವ್ವ ಮ್ಯಾಲೇ ಸಿಕ್ಕೊಂಡಳು.

ಮನಿ ನೋಡಲಿಕ್ಕೆ ಹೋಗೂವಾಗ ಅವ್ವನ್ನ ಕರಕೊಂಡು ಹೋಗು. ಆಕಿ ಮಗ್ಗಲ ಮನಿಯವರ ಜೋಡಿ ಎಷ್ಟೊತ್ತು ಮಾತಾಡತಾಳ ನೋಡು, ಅಲ್ಲೇ ತಿಳೀತದ.
– ಮಾಳಮಡ್ಡಿಯ ಅಜ್ಜಿ

*

ಹಾವೇರಿ ಏನು ತಪ್ಪು ಮಾಡಿತ್ತು? ಫೈಬರ್ ಇಲ್ಲಿಗೂ ಬಂದಿದೆ, ಬೆಂಗಳೂರು ರೈಲು ಇಲ್ಲೂ ನಿಲ್ಲುತ್ತದೆ, ಸ್ವಂತ ಮನೆ ಇದ್ದರೆ ಬಾಡಿಗೆಯೂ ಉಳಿಯಿತು. ಮೊಣಕಾಲಿನ ದೊಡ್ಡ ಡಾಕ್ಟರು ಬೇಕೆಂದಾಗ ಹುಬ್ಬಳ್ಳಿಗೆ ಓಡಬೇಕು ಅನ್ನುವುದೊಂದೇ ಕಾರಣವಾದರೆ, ವರ್ಷಕ್ಕೆ ನಾಲ್ಕು ಸಲ ಕಾರು ಮಾಡಿಕೊಂಡು ಹೋಗಿ ಬನ್ನಿ.
– ಹಾವೇರಿಯ ಹಿತೈಷಿ

*

ಹಾವೇರಿಯವರ ಮಾತಿಗೆ ನನ್ನ ಅರ್ಧ ಒಪ್ಪಿಗೆ. ಇನ್ನರ್ಧ ಹೇಳುತ್ತೇನೆ: ಮೊಣಕಾಲು ನೋವಿಗೆ ಡಾಕ್ಟರು ಒಂದು ಸಲ, ಫಿಸಿಯೋಥೆರಪಿ ವಾರಕ್ಕೆ ಮೂರು ಸಲ. ಅದಕ್ಕೆ ಕಾರು ಮಾಡಿಕೊಂಡು ಓಡಾಡಲು ಆಗುವುದಿಲ್ಲ. ವಿದ್ಯಾನಗರದಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ ದೊಡ್ಡ ಸರ್ಕಾರಿ ಆಸ್ಪತ್ರೆ (ಈಗ ಕೆಎಂಸಿಆರ್‌ಐ) ಇದೆ, ಖಾಸಗಿ ಆಸ್ಪತ್ರೆಗಳೂ ಅಡಿಗೊಂದು. ಬಾಡಿಗೆ ದುಬಾರಿ ನಿಜ, ಮುಖ್ಯರಸ್ತೆಗೆ ಹತ್ತಿದ ಮನೆಯಲ್ಲಿ ಹಾರ್ನ್ ಸದ್ದು ನಿಮ್ಮ ಮೈಕಿಗೂ ಬೀಳುತ್ತದೆ. ಎರಡು ಓಣಿ ಒಳಗೆ ಹೋಗಿ, ಲಿಂಗರಾಜ ನಗರದ ಕಡೆಯೂ ನೋಡಿ.

ಚಿಗರಿ ಬಸ್ಸಿನ ಬಾಗಿಲೂ ನಿಲ್ದಾಣದ ಕಟ್ಟೆಯೂ ಒಂದೇ ಮಟ್ಟದಲ್ಲಿವೆ, ಹತ್ತಲು ಮೆಟ್ಟಿಲಿಲ್ಲ. ಆದರೆ ನಿಲ್ದಾಣ ಇರುವುದು ರಸ್ತೆಯ ನಡುಮಧ್ಯ, ಅಲ್ಲಿಗೆ ದಾಟುವುದೇ ವಯಸ್ಸಾದವರಿಗೆ ಕಷ್ಟ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲೂ ಅಷ್ಟೇ. 1507 ಮೀಟರ್ ಪ್ಲಾಟ್‌ಫಾರ್ಮ್ ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ, ಬೋಗಿ ಆ ತುದಿಗೆ ನಿಂತಾಗ ಹೆಮ್ಮೆ ಇಳಿದುಹೋಗುತ್ತದೆ. ಅವ್ವನನ್ನು ಕರೆದೊಯ್ಯುವ ದಿನ ಗಾಲಿಕುರ್ಚಿ ಕೇಳಿಕೊಳ್ಳಿ.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ. ತಿಂಗಳಿಗೊಮ್ಮೆ ನೀವು ಬೆಂಗಳೂರಿಗೆ ಹೋದ ರಾತ್ರಿ ಅವ್ವನ ಜೊತೆ ಯಾರು? ವಂದೇ ಭಾರತ್ ಹಿಡಿದರೂ ನಾನೂರು ಕಿಲೋಮೀಟರ್ ದಾಟಿ, ಆಫೀಸು ಮುಗಿಸಿ ಅದೇ ದಿನ ಮರಳುವುದು ಆಗದ ಮಾತು. ಹಾಗಾಗಿ ಮಾಲಕರು ಕೆಳಗೆ ವಾಸವಿರುವ ಮನೆಯನ್ನೇ ಹುಡುಕಿ, ಸಾವಿರ ರೂಪಾಯಿ ಹೆಚ್ಚಾದರೂ ಸರಿ. ಅಡ್ವಾನ್ಸ್ ಕೊಡುವ ಮೊದಲೇ ಆ ಮನೆಯ ಹೆಂಗಸರಿಗೆ ನಿಮ್ಮ ಪಾಳಿ, ಊರಿಗೆ ಹೋಗುವ ದಿನ ಎಲ್ಲ ಬಿಡಿಸಿ ಹೇಳಿ. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತದೆ, ಇಂಗ್ಲಿಷಿನಲ್ಲಿ ಮಾತು ಕೇಳಿಸುತ್ತದೆ ಅನ್ನುವುದನ್ನೂ ಸೇರಿಸಿ. ಆಮೇಲೆ ಕಿರಿಕಿರಿ ಬೇಡ.
– ವಿದ್ಯಾನಗರದ ಓದುಗಿ