ಟವರಿನಿಂದ ರನ್‌ವೇ ಪೂರ್ತಿ ಕಾಣದಿದ್ದರೆ? ಪುಣೆ ಕನ್ನಡಿಗರ ಗುಂಪಿನಲ್ಲಿ ಪ್ರಶ್ನೋತ್ತರ

ಪ್ರಶ್ನೆ, ವಾಕಡ್‌ನಿಂದ ಒಬ್ಬ ತಾಯಿ:

ನಮಸ್ಕಾರ ಸರ್. ನೀವು ತುಂಬಾ ವರ್ಷ ಏರ್ ಟ್ರಾಫಿಕ್ ಕಂಟ್ರೋಲ್‌ನಲ್ಲಿ ಇದ್ದವರು ಅಂತ ಸಂಘದಲ್ಲಿ ಹೇಳಿದರು. ನನ್ನ ಮಗ ಪುಣೆಯಿಂದ ದೂರದ ಒಂದು ಸಣ್ಣ ಏರ್‌ಫೀಲ್ಡ್‌ನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಮೊನ್ನೆ ನಾವೂ ಹೋಗಿದ್ದೆವು. ರೇಡಿಯೋ ಕೋಣೆಯ ಕಿಟಕಿಯಿಂದ ನೋಡಿದರೆ ರನ್‌ವೇಯ ಆ ಕಡೆ ತುದಿ ಮರಗಳ ಹಿಂದೆ ಅರ್ಧ ಮರೆಯಾಗಿತ್ತು. ರಾಡಾರ್ ಇಲ್ಲವಂತೆ. ಬೆಳಿಗ್ಗೆ ಮಂಜು ಬೇರೆ. ಕೂತವರಿಗೇ ಕಾಣದಿದ್ದರೆ ಈ ಮಕ್ಕಳನ್ನು ಕಾಯುವವರು ಯಾರು?

ಉತ್ತರ, ನಿವೃತ್ತ ಏರ್ ಟ್ರಾಫಿಕ್ ಕಂಟ್ರೋಲರ್:

ಮೇಡಂ, ಇದನ್ನು ಎಲ್ಲ ತಂದೆತಾಯಿಯರೂ ಕೇಳಬೇಕು. ಮೊದಲು ಮಗನಿಂದ ಒಂದು ವಿಷಯ ತಿಳಿದುಕೊಳ್ಳಿ. ಆ ಕೋಣೆಯಲ್ಲಿ ಕೂತವರು ಕಂಟ್ರೋಲರಾ, ಬರೀ ಮಾಹಿತಿ ಕೊಡುವವರಾ? ಎಷ್ಟೋ ಸಣ್ಣ ಏರ್‌ಫೀಲ್ಡ್‌ಗಳಲ್ಲಿ ಕಂಟ್ರೋಲರ್ ಇರುವುದಿಲ್ಲ. ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ, ಮೇಲೆ ಇನ್ನು ಯಾರಿದ್ದಾರೆ ಅಂತ ಹೇಳುತ್ತಾರೆ, ಅಷ್ಟೇ. ಇಳಿಯಲು ಅನುಮತಿ ಕೊಡುವ ಅಧಿಕಾರ ಅವರಿಗಿಲ್ಲ. ರನ್‌ವೇ ಖಾಲಿ ಇದೆಯಾ ಅಂತ ನೋಡಿಕೊಳ್ಳುವ ಹೊಣೆ ಪೈಲಟ್‌ಗಳದ್ದೇ.

ಅಂಥ ಕಡೆ ಕಾಯುವುದು ಮಾತು. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇರುತ್ತಾರೆ. ಡೌನ್‌ವಿಂಡ್‌ನಲ್ಲಿದ್ದೇನೆ (ರನ್‌ವೇ ಪಕ್ಕದಲ್ಲಿ, ಇಳಿಯುವ ದಿಕ್ಕಿಗೆ ಎದುರಾಗಿ), ಬೇಸ್‌ಗೆ (ರನ್‌ವೇ ಕಡೆಗೆ ಅಡ್ಡಲಾಗಿ) ತಿರುಗುತ್ತಿದ್ದೇನೆ, ಫೈನಲ್‌ಗೆ (ಇಳಿಯುವ ನೇರ ದಾರಿಗೆ) ಬಂದೆ ಅಂತ ಪ್ರತಿಯೊಬ್ಬರೂ ಹೇಳುತ್ತಾ ಹೋಗಬೇಕು. ಖಂಡಾಳ ಘಾಟಿನ ತಿರುವಿನಲ್ಲಿ ಹಾರ್ನ್ ಹೊಡೆದ ಹಾಗೆ. ಆದರೆ ಹೇಳಿದರೆ ಸಾಲದು. ಎದುರಿನವರಿಗೆ ಕೇಳಿಸಿತಾ, ಉತ್ತರ ಕೊಟ್ಟವರು ಯಾರು, ಅದೂ ಗೊತ್ತಾಗಬೇಕು.

1996ರ ನವೆಂಬರ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ ಇದೇ ತಪ್ಪಿಹೋಯಿತು. ಟವರ್ ಇಲ್ಲದ ಸಣ್ಣ ಏರ್‌ಪೋರ್ಟ್ ಅದು. 12 ಜನರಿದ್ದ ಬೀಚ್‌ಕ್ರಾಫ್ಟ್ 1900 ವಿಮಾನ ಇಳಿಯಲು ಬರುತ್ತಿತ್ತು. ಆ ರನ್‌ವೇಯನ್ನು ಅಡ್ಡ ಹಾಯುವ ಇನ್ನೊಂದು ರನ್‌ವೇಯಲ್ಲಿ ಕಿಂಗ್ ಏರ್ ವಿಮಾನ ನಿಂತಿತ್ತು. ಅದರ ಹಿಂದೆ ಚೆರೋಕೀ ಎಂಬ ಪುಟ್ಟ ವಿಮಾನ. ಇಳಿಯುತ್ತಿದ್ದವರು ಕಿಂಗ್ ಏರ್‌ಗೆ ರೇಡಿಯೋದಲ್ಲಿ ಕೇಳಿದರು: ನೀವು ನಿಲ್ಲುತ್ತೀರಾ, ಹೊರಡುತ್ತೀರಾ? ಕಿಂಗ್ ಏರ್ ಉತ್ತರಿಸಲಿಲ್ಲ. ಹಿಂದಿದ್ದ ಚೆರೋಕೀ ಪೈಲಟ್ ತಾನು ಕಾಯುತ್ತಿರುವುದಾಗಿ ಹೇಳಿದರು. ಅದೇ ಹೊತ್ತಿಗೆ ಇಳಿಯುತ್ತಿದ್ದ ವಿಮಾನದ ಕಾಕ್‌ಪಿಟ್‌ನಲ್ಲಿ ಎತ್ತರ ಸೂಚಿಸುವ ಧ್ವನಿ ಮೊಳಗಿತು. ಮಾತಿನ ಒಂದು ಭಾಗ ಅದರಲ್ಲಿ ಮುಚ್ಚಿಹೋಯಿತು. ಕಿಂಗ್ ಏರ್‌ನವರೇ ಕಾಯುತ್ತಾರೆ ಅಂದುಕೊಂಡು ಇವರು ಇಳಿದರು. ಆದರೆ ಕಿಂಗ್ ಏರ್ ಹೊರಟುಬಿಟ್ಟಿತ್ತು. ಎರಡು ರನ್‌ವೇ ಸೇರುವ ಕಡೆ ಡಿಕ್ಕಿಯಾಯಿತು. ಎರಡೂ ವಿಮಾನ ಸೇರಿ 14 ಜನ, ಒಬ್ಬರೂ ಉಳಿಯಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುವುದು ಯಾಕೆ ಗೊತ್ತಾ? ಇಳಿದ ವಿಮಾನದಲ್ಲಿದ್ದವರು ಡಿಕ್ಕಿಯಲ್ಲಿ ಸತ್ತಿರಲಿಲ್ಲ. ಬಾಗಿಲು ತೆರೆಯಲಿಲ್ಲ, ಹೊಗೆಯಲ್ಲಿ ಸತ್ತರು. ಬೆಂಕಿ ಆರಿಸುವ ಸಿಬ್ಬಂದಿ ಆಗ ಅಲ್ಲಿ ಇರಲಿಲ್ಲ.

ಕಿಂಗ್ ಏರ್‌ನವರು ರೇಡಿಯೋ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಸುತ್ತ ಸರಿಯಾಗಿ ನೋಡಲೂ ಇಲ್ಲ ಎಂದು ತನಿಖೆ ಹೇಳಿತು. ಮಗನಿಗೆ ಹೇಳಿ: ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನದ ಹೆಸರು) ಕೇಳಿಸದ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬಾರದು. ಮತ್ತೆ ಕೇಳಬೇಕು. ಕೇಳಲು ಹೊತ್ತಿಲ್ಲದಿದ್ದರೆ ಪವರ್ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರಬೇಕು. ಅದಕ್ಕೆ ಯಾವ ಇನ್‌ಸ್ಟ್ರಕ್ಟರ್ ಬೈದರೂ ಬೈಸಿಕೊಳ್ಳಲಿ.

ಪ್ರಶ್ನೆ, ಹಡಪ್ಸರ್‌ನಿಂದ:

ವಿಸಿಬಿಲಿಟಿ, ಅಂದರೆ ಕಣ್ಣಿಗೆ ಕಾಣುವ ದೂರ, 5 ಕಿಲೋಮೀಟರ್ ಇದ್ದರೆ ಮಾತ್ರ ಹಾರಿಸುತ್ತಾರಂತೆ. ಅದನ್ನು ಅಳೆಯುವುದು ಹೇಗೆ ಸರ್? ಸುಮ್ನೆ ಕಣ್ಣಳತೆನಾ?

ಉತ್ತರ:

ಸಣ್ಣ ಕಡೆಗಳಲ್ಲಿ ಕಣ್ಣಳತೆಯೇ. ಆದರೆ ಸುಮ್ನೆ ಅಲ್ಲ. ಗುಡ್ಡ, ನೀರಿನ ಟ್ಯಾಂಕ್, ಕಾರ್ಖಾನೆ ಚಿಮಣಿ, ಇವು ಎಷ್ಟು ದೂರ ಅಂತ ಮೊದಲೇ ಗೊತ್ತಿರುತ್ತದೆ. ಯಾವುದು ಕಾಣುತ್ತದೆ, ಯಾವುದು ಇಲ್ಲ ಅಂತ ನೋಡಿ ಹೇಳುತ್ತಾರೆ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ರನ್‌ವೇ ಪಕ್ಕದಲ್ಲೇ ಯಂತ್ರ ಇರುತ್ತದೆ. ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ 'ದೃಷ್ಟಿ' ಅಂಥದ್ದೇ.

ಒಂದು ಮೋಸ ಇದೆ. ಇವೆಲ್ಲ ಹೇಳುವುದು ನೆಲದ ಮಟ್ಟದ ನೋಟವನ್ನು. ಪೈಲಟ್ ನೋಡುವುದು ಮೇಲಿನಿಂದ ಓರೆಯಾಗಿ. ತೆಳು ಮಂಜಿದ್ದಾಗ ಮೇಲಿಂದ ನೇರ ಕೆಳಗೆ ನೋಡಿದರೆ ರನ್‌ವೇ ಚೆನ್ನಾಗಿ ಕಾಣುತ್ತದೆ. ಇಳಿಯುತ್ತಾ ಬಂದು ಆ ಮಂಜಿನೊಳಗೆ ಹೊಕ್ಕ ಕೂಡಲೇ ಮಾಯ. ನದಿ, ಅಣೆಕಟ್ಟಿನ ಹತ್ತಿರ ಚಳಿಗಾಲದ ಬೆಳಿಗ್ಗೆ ಇದು ಜಾಸ್ತಿ. ಬಿಸಿಲೇರುವ ತನಕ ಕಾಯುವುದೇ ಮದ್ದು.

ಪ್ರಶ್ನೆ, ಅಂಧೇರಿಯಿಂದ:

ರನ್‌ವೇ ಕಣ್ಣಿಗೆ ಕಾಣುತ್ತಿದ್ದರೆ, ದೊಡ್ಡ ಟವರ್ ಇದ್ದರೆ ಭಯ ಇಲ್ಲ, ಅಲ್ವಾ?

ಉತ್ತರ:

ನಿಮ್ಮ ಊರಿನದ್ದೇ ಉದಾಹರಣೆ ಇದೆ. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಮುಂಬೈನ ದೊಡ್ಡ ಏರ್‌ಪೋರ್ಟ್ ಸಾಂತಾಕ್ರೂಜ್ ಅಂದುಕೊಂಡು ಹತ್ತಿರದ ಸಣ್ಣ ಏರ್‌ಫೀಲ್ಡ್ ಜುಹೂ ರನ್‌ವೇಯಲ್ಲಿ ಇಳಿಯಿತು. ಚಿಕ್ಕ ರನ್‌ವೇ ಸಾಲದೆ ಮುಂದಕ್ಕೆ ನುಗ್ಗಿತು. ಪೈಲಟ್‌ಗೆ ರನ್‌ವೇ ಕಂಡಿತ್ತು, ಆದರೆ ಅದು ಬೇರೆಯದು. ಯಾರೂ ಸಾಯಲಿಲ್ಲ, ಪುಣ್ಯ.

ಪುಣೆಯ ಲೋಹೆಗಾಂವ್‌ನಲ್ಲಿ ವಾಯುಪಡೆಯ ಟವರ್ ಇದೆ. ಆದರೂ 2020ರ ಫೆಬ್ರವರಿ 15ರಂದು ದೆಹಲಿಗೆ ಹೊರಟಿದ್ದ ಏರ್ ಇಂಡಿಯಾ ಎ321 ರನ್‌ವೇಯಲ್ಲಿ ಓಡುತ್ತಿದ್ದಾಗ ಎದುರಿಗೆ ಜೀಪ್ ಕಂಡಿತು. ಪೈಲಟ್ ಬೇಗನೇ ಮೂಗೆತ್ತಿ ಮೇಲೇರಿದರು. ವಿಮಾನದ ಮೈಗೆ ಪೆಟ್ಟಾಯಿತು, ಜನ ಉಳಿದರು. ಟವರ್ ಎಷ್ಟೇ ಎತ್ತರ ಇರಲಿ, ರನ್‌ವೇಗೆ ಹೋಗುವ ಪ್ರತಿ ಗಾಡಿಯೂ ಕೇಳಿಯೇ ಹೋಗಬೇಕು, ಸಿಕ್ಕ ಅನುಮತಿಯನ್ನು ತಿರುಗಿ ಹೇಳಬೇಕು. ಇದರಲ್ಲಿ ಸಡಿಲ ಬಿಡಬಾರದು.

ಪ್ರಶ್ನೆ, ವಾಕಡ್‌ನ ಅದೇ ತಾಯಿ:

ಸರ್, ಆ ಮರಗಳ ವಿಷಯ? ನಾವು ಹೇಳಿದರೆ ಮಗನಿಗೆ ತೊಂದರೆ ಆಗುತ್ತದಾ ಅಂತ ಹೆದರಿಕೆ.

ಉತ್ತರ:

ಮೇಡಂ, ಮೊದಲು ಸ್ಕೂಲಿನ ಸುರಕ್ಷತೆ ನೋಡಿಕೊಳ್ಳುವವರಿಗೆ ಬರವಣಿಗೆಯಲ್ಲೇ ಕೊಡಿ. ಕಿಟಕಿಯಿಂದ ತೆಗೆದ ಫೋಟೋ ಇದ್ದರೆ ಜೊತೆಗಿಡಿ. ಮರ ಕಡಿಯುವ ತನಕ ಆ ತುದಿಗೆ ಹೋಗುವ ಪ್ರತಿ ವಿಮಾನವೂ ರನ್‌ವೇಗೆ ಹೊಕ್ಕಾಗ, ಬಿಟ್ಟಾಗ ರೇಡಿಯೋದಲ್ಲಿ ಹೇಳಲಿ ಅಂತ ಕೇಳಿ. ಇದು ಇವತ್ತೇ ಆಗುವ ಕೆಲಸ, ಖರ್ಚಿಲ್ಲ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಗೆ ಸ್ವಯಂಪ್ರೇರಿತ ಸುರಕ್ಷತಾ ವರದಿ ಕಳಿಸಬಹುದು. ಅಲ್ಲಿ ಹೆಸರು ಗುಟ್ಟಾಗಿಡುತ್ತಾರೆ. ಬರೆಯುವಾಗ ಯಾರನ್ನೂ ದೂರಬೇಡಿ. ಎಲ್ಲಿ ಕೂತರೆ ಯಾವ ತುದಿ ಕಾಣುವುದಿಲ್ಲ, ಅಷ್ಟನ್ನು ಬರೆಯಿರಿ. ಬೇಕಾದರೆ ಕರಡು ನನಗೆ ಕಳಿಸಿ, ನೋಡಿಕೊಡುತ್ತೇನೆ.